ಜನಗಣತಿಯಲ್ಲಿ ಅಜ್ಜನ ಹೆಸರು ಸಿಗುತ್ತದೆಯೇ?

ಕ್ರಿಸ್ಮಸ್ ರಾತ್ರಿಯ ಬಲಿಪೂಜೆಯಲ್ಲಿ ಶುಭಸಂದೇಶ ಕೇಳುತ್ತಾ ಬಂದಿರುವ ನಮಗೆ ಜನಗಣತಿ ಎಂಬುದು ಹೊಸ ವಿಷಯವಲ್ಲ. ಔಗುಸ್ತ ಚಕ್ರವರ್ತಿಯ ಆಜ್ಞೆಯಂತೆ ಹೆಸರು ಬರೆಸುವುದಕ್ಕಾಗಿ ಜೋಸೆಫರು ಗರ್ಭಿಣಿಯಾಗಿದ್ದ ಮರಿಯಮ್ಮನವರನ್ನು ಕರೆದುಕೊಂಡು ತಮ್ಮ ಪೂರ್ವಜರ ಊರಾದ ಬೆತ್ಲೆಹೇಮಿಗೆ ಹೋದರು ಎಂದು ಸಂತ ಲೂಕರು ಬರೆದಿದ್ದಾರೆ. ಪೂರ್ವಜರ ಊರು ಯಾವುದೆಂದು ಜೋಸೆಫರಿಗೆ ತಿಳಿದಿತ್ತು. ನಮ್ಮಲ್ಲಿ ಹಲವರಿಗೆ ಈಗ ಅದು ತಿಳಿದಿಲ್ಲ. ಆದ್ದರಿಂದ ಹಳೆಯ ಜನಗಣತಿಯಲ್ಲಾದರೂ ಸಿಕ್ಕೀತೇ ಎಂದು ವಿಚಾರಿಸುವವರು ಇತ್ತೀಚೆಗೆ ಹೆಚ್ಚಾಗಿದ್ದಾರೆ.

ಧರ್ಮಕೇಂದ್ರಗಳ ಹಳೆಯ ಪುಸ್ತಕಗಳನ್ನು ಓದಿಕೊಡುವ ಕೆಲಸದಲ್ಲಿ ಕೈಲಾದಷ್ಟು ನೆರವಾಗುತ್ತಿರುವ ನಮ್ಮ ಬಳಿಗೆ, ಕಳೆದ ವರ್ಷ ಮಳೆ ಬಿಟ್ಟ ಮೇಲೆ, ಮುಂಬಯಿಯಿಂದ ಒಬ್ಬ ಮಹನೀಯರು ಬಂದಿದ್ದರು. ಅವರ ಹೆಸರು, ಊರು ಇಲ್ಲಿ ಬೇಡ. ಪ್ರಾಯ ಅರುವತ್ತು ದಾಟಿದೆ. ಅವರ ಅಜ್ಜ ಇಪ್ಪತ್ತರ ಹರೆಯದಲ್ಲಿ ಬೊಂಬಾಯಿಗೆ ಹೋದವರು, ಮತ್ತೆ ಊರಿಗೆ ಬಂದದ್ದೇ ಇಲ್ಲ. ಯಾರಾದರೂ ಕೇಳಿದರೆ "ಊರಿನಲ್ಲಿ ನನಗೆ ಯಾರೂ ಇಲ್ಲ" ಎಂದಷ್ಟೇ ಹೇಳುತ್ತಿದ್ದರಂತೆ. ಈ ಮೊಮ್ಮಗ, ವಂಶಾವಳಿ ಹುಡುಕಲು ಸಹಾಯ ಮಾಡುವ ಒಂದು ವಿದೇಶಿ ಜಾಲತಾಣಕ್ಕೆ ವರ್ಷದ ಚಂದಾ ಕಟ್ಟಿ, 1911ರ ಭಾರತದ ಜನಗಣತಿಯಲ್ಲಿ ಮುತ್ತಜ್ಜನ ಹೆಸರನ್ನು ತಿಂಗಳುಗಟ್ಟಲೆ ಹುಡುಕಿದ್ದರು. ಸಿಗಲಿಲ್ಲ. ಹೆಸರಿನ ಸ್ಪೆಲ್ಲಿಂಗ್ ತಪ್ಪಿರಬಹುದೆಂದು ಹತ್ತಾರು ರೀತಿಯಲ್ಲಿ ಬರೆದು ನೋಡಿದ್ದರು. ಆಗಲೂ ಸಿಗಲಿಲ್ಲ.

ಸ್ಪೆಲ್ಲಿಂಗ್ ತಪ್ಪಿದ್ದರಿಂದ ಸಿಗದೆ ಹೋದದ್ದಲ್ಲ. ಅಂಥ ಹೆಸರಿನ ಪಟ್ಟಿಯೇ ಉಳಿದಿಲ್ಲ. ಇದನ್ನು ಮೊದಲೇ ಯಾರಾದರೂ ಹೇಳಿದ್ದರೆ ಅವರ ಹಣವೂ ಸಮಯವೂ ಉಳಿಯುತ್ತಿತ್ತು. ಈ ಲೇಖನ ಬರೆಯಲು ಕಾರಣವೂ ಅದೇ.

ಹೊರದೇಶದಲ್ಲಿರುವ ನಮ್ಮವರಿಗೆ ಈ ತಪ್ಪು ಕಲ್ಪನೆ ಬರುವುದು ಸಹಜ. ಬ್ರಿಟನ್ನಿನಲ್ಲಿ 1841ರಿಂದ ಈಚಿನ ಜನಗಣತಿಯ ಮನೆವಾರು ಪಟ್ಟಿಗಳು ಉಳಿದಿವೆ. ನೂರು ವರ್ಷ ಕಳೆದ ಮೇಲೆ ಅವು ಜನರಿಗೆ ನೋಡಲು ಸಿಗುತ್ತವೆ. 1921ರ ಇಂಗ್ಲೆಂಡ್ ಮತ್ತು ವೇಲ್ಸ್‌ನ ಪಟ್ಟಿ 2022ರ ಜನವರಿಯಲ್ಲಿ ತೆರೆಯಿತು. 1931ರದ್ದು 1942ರಲ್ಲಿ ಬೆಂಕಿಗೆ ಆಹುತಿಯಾಯಿತು, 1941ರಲ್ಲಿ ಯುದ್ಧದ ಕಾರಣ ಗಣತಿಯೇ ನಡೆಯಲಿಲ್ಲ. ಅಮೆರಿಕದಲ್ಲಿ 72 ವರ್ಷಗಳ ನಿಯಮವಿದ್ದು, 1950ರ ಪಟ್ಟಿ 2022ರ ಏಪ್ರಿಲ್‌ನಲ್ಲಿ ತೆರೆದಿದೆ. ಐರ್ಲೆಂಡಿನ 1901 ಮತ್ತು 1911ರ ಪಟ್ಟಿಗಳನ್ನು ಹಣ ಕೊಡದೆಯೇ ನೋಡಬಹುದು. ಅಲ್ಲಿನ ನೆರೆಮನೆಯವರು ತಮ್ಮ ಮುತ್ತಜ್ಜನ ಮನೆಯಲ್ಲಿ ಎಷ್ಟು ಕೋಣೆಗಳಿದ್ದವು ಎಂಬುದನ್ನೂ ಹುಡುಕಿ ತೆಗೆಯುವುದನ್ನು ಕಂಡ ನಮ್ಮವರು, ಬ್ರಿಟಿಷರೇ ಆಳಿದ ಭಾರತದಲ್ಲೂ ಹಾಗೆಯೇ ಇರಬೇಕೆಂದು ಎಣಿಸುತ್ತಾರೆ.

ನಮ್ಮಲ್ಲಿ ಎಣಿಸಿದವರೂ ಹೆಸರು ಬರೆದುಕೊಂಡದ್ದು ನಿಜ. ಆಗ ದಕ್ಷಿಣ ಕನ್ನಡ ಜಿಲ್ಲೆ ಮದ್ರಾಸ್ ಪ್ರಾಂತ್ಯಕ್ಕೆ ಸೇರಿತ್ತು. ಆ ಪ್ರಾಂತ್ಯದಲ್ಲಿ 1871ರ ನವೆಂಬರ್ 15ರಂದು ಗಣತಿ ನಡೆಯಿತು. ಇಡೀ ಭಾರತವನ್ನು ಒಂದೇ ರಾತ್ರಿಯಲ್ಲಿ ಎಣಿಸಿದ್ದು 1881ರ ಫೆಬ್ರವರಿ 17ರಂದು. ಅಲ್ಲಿಂದ ಮುಂದೆ 2011ರವರೆಗೆ ಹತ್ತು ವರ್ಷಕ್ಕೊಮ್ಮೆ ತಪ್ಪದೆ ನಡೆದುಕೊಂಡು ಬಂತು. ಮೊದಲು ಮನೆಗಳಿಗೆ ನಂಬರು ಬರೆಯುತ್ತಿದ್ದರು. ಊರಿನ ಶಾನುಭೋಗರು, ಶಾಲೆಯ ಮಾಸ್ತರರು ಮುಂತಾಗಿ ಓದು ಬರಹ ಬಲ್ಲವರು ಮನೆಮನೆಗೆ ಹೋಗಿ ಹೆಸರು, ಪ್ರಾಯ, ಮತ, ಭಾಷೆ, ಕಸುಬು, ಹುಟ್ಟಿದ ಜಿಲ್ಲೆ ಎಲ್ಲವನ್ನೂ ಬರೆದುಕೊಳ್ಳುತ್ತಿದ್ದರು. ನಿಗದಿಯಾದ ರಾತ್ರಿ ಮತ್ತೊಮ್ಮೆ ಸುತ್ತಿ, ಸತ್ತವರನ್ನು ಹೊಡೆದು ಹಾಕಿ, ಹುಟ್ಟಿದವರನ್ನು ಸೇರಿಸುತ್ತಿದ್ದರು.

ಆದರೆ ಸರಕಾರಕ್ಕೆ ಬೇಕಾಗಿದ್ದುದು ಲೆಕ್ಕ ಮಾತ್ರ. 1901ರಿಂದ ಪ್ರತಿಯೊಬ್ಬ ವ್ಯಕ್ತಿಯ ವಿವರವನ್ನು ಒಂದೊಂದು ಚೀಟಿಗೆ ಇಳಿಸಿ, ಮತಕ್ಕೊಂದು ಬಣ್ಣದ ಚೀಟಿಯಂತೆ ಬೇರೆ ಬೇರೆ ಗೂಡುಗಳಿಗೆ ಹಾಕಿ ಎಣಿಸುವ ಕ್ರಮ ಬಂತು. ಎಣಿಕೆ ಮುಗಿದು ಕೋಷ್ಟಕಗಳು ಅಚ್ಚಾದ ಮೇಲೆ ಮೂಲ ಪಟ್ಟಿಗಳನ್ನೂ ಚೀಟಿಗಳನ್ನೂ ಇಟ್ಟುಕೊಳ್ಳಲಿಲ್ಲ, ನಾಶ ಮಾಡಲಾಯಿತು. ಸ್ವಾತಂತ್ರ್ಯಾನಂತರದ 1948ರ ಜನಗಣತಿ ಕಾಯ್ದೆಯ 15ನೇ ಕಲಮಿನ ಪ್ರಕಾರವಂತೂ ಗಣತಿದಾರರು ಬರೆದ ದಾಖಲೆಯನ್ನು ಯಾರೂ ಪರಿಶೀಲಿಸುವಂತಿಲ್ಲ, ನ್ಯಾಯಾಲಯದಲ್ಲಿ ಸಾಕ್ಷ್ಯವಾಗಿ ಬಳಸುವಂತೆಯೂ ಇಲ್ಲ. ಇಂತಿಷ್ಟು ವರ್ಷದ ಬಳಿಕ ತೆರೆಯುತ್ತೇವೆ ಎಂಬ ಮಾತೂ ಅದರಲ್ಲಿಲ್ಲ. ಆದುದರಿಂದ ಭಾರತದ ಜನಗಣತಿಯಲ್ಲಿ ನಿಮ್ಮ ಅಜ್ಜನ ಹೆಸರನ್ನು ತೋರಿಸುತ್ತೇವೆ ಎಂದು ಯಾರಾದರೂ ಹೇಳಿದರೆ ಹಣ ಕೊಡುವ ಮುಂಚೆ ಎರಡು ಸಲ ಯೋಚಿಸಬೇಕು.

ಹಾಗಾದರೆ ಜನಗಣತಿಯಿಂದ ಏನೂ ಪ್ರಯೋಜನವಿಲ್ಲವೇ? ಇದೆ. ಅಚ್ಚಾದ ವರದಿಗಳು ಈಗ ಭಾರತ ಸರಕಾರದ ಜನಗಣತಿ ಇಲಾಖೆಯ ಜಾಲತಾಣದಲ್ಲೂ ಇತರ ಡಿಜಿಟಲ್ ಗ್ರಂಥಾಲಯಗಳಲ್ಲೂ ಸಿಗುತ್ತವೆ. ಅವುಗಳಲ್ಲಿ ವ್ಯಕ್ತಿಯ ಹೆಸರು ಇಲ್ಲದಿದ್ದರೂ ಆ ವ್ಯಕ್ತಿ ಬದುಕಿದ ಕಾಲ ಹೇಗಿತ್ತು ಎಂಬುದು ಇದೆ. 1871ರಲ್ಲಿ ದಕ್ಷಿಣ ಕನ್ನಡದ ಜನಸಂಖ್ಯೆ 9,18,362. 1901ರಲ್ಲಿ ಅದು 11,34,713. ಆ ವರ್ಷ ಮಂಗಳೂರು ಪೇಟೆಯಲ್ಲಿ ಇದ್ದವರು 44,108 ಜನ ಮಾತ್ರ. ಜಿಲ್ಲೆಯಲ್ಲಿ ಕ್ರೈಸ್ತರ ಸಂಖ್ಯೆ ಎಂಬತ್ತು ಸಾವಿರ ದಾಟಿತ್ತು, ಅದರಲ್ಲಿ ಬಹುಪಾಲು ಕೆಥೊಲಿಕರು. ಮತವಾರು, ತಾಲೂಕುವಾರು ಕೋಷ್ಟಕ ನೋಡಿದರೆ ಯಾವ ತಾಲೂಕಿನಲ್ಲಿ ನಮ್ಮವರು ಎಷ್ಟಿದ್ದರು, ಹತ್ತು ವರ್ಷದಲ್ಲಿ ಎಷ್ಟು ಹೆಚ್ಚಿದರು ಅಥವಾ ಕಡಿಮೆಯಾದರು ಎಂದು ತಿಳಿಯುತ್ತದೆ. 1951ರ ಬಳಿಕ ಜಿಲ್ಲೆಗೊಂದರಂತೆ ಪ್ರಕಟವಾದ ಜನಗಣತಿ ಕೈಪಿಡಿಗಳಲ್ಲಿ ಗ್ರಾಮವಾರು ಲೆಕ್ಕವೂ ಇದೆ.

ಹುಡುಕುವಾಗ ಹೆಸರಿನ ಗೊಂದಲ ಆಗದಂತೆ ನೋಡಿಕೊಳ್ಳಬೇಕು. ಹಳೆಯ ವರದಿಯಲ್ಲಿ 'ಉಪ್ಪಿನಂಗಡಿ ತಾಲೂಕು' ಎಂದಿದ್ದರೆ ಈಗಿನ ಪುತ್ತೂರು, ಸುಳ್ಯ, ಬೆಳ್ತಂಗಡಿ ಕಡೆಯ ಊರುಗಳನ್ನು ಅದರಲ್ಲಿ ನೋಡಬೇಕು. ಕಾಸರಗೋಡು 1956ರವರೆಗೆ ಇದೇ ಜಿಲ್ಲೆಯ ತಾಲೂಕು. ಉಡುಪಿ ಪ್ರತ್ಯೇಕ ಜಿಲ್ಲೆಯಾದದ್ದು 1997ರಲ್ಲಿ. ಕಾರವಾರ, ಹೊನ್ನಾವರ, ಭಟ್ಕಳದ ಕಡೆಯವರು ಮದ್ರಾಸಿನ ವರದಿಯಲ್ಲಿ ಹುಡುಕಿ ಪ್ರಯೋಜನವಿಲ್ಲ. ಉತ್ತರ ಕನ್ನಡವನ್ನು 1862ರಲ್ಲಿಯೇ ಬೊಂಬಾಯಿ ಪ್ರಾಂತ್ಯಕ್ಕೆ ಸೇರಿಸಲಾಗಿತ್ತು.

ನಮ್ಮ ಅನುಭವದಲ್ಲಿ ಎಲ್ಲಕ್ಕಿಂತ ಉಪಯೋಗಕ್ಕೆ ಬಂದದ್ದು 'ಹುಟ್ಟಿದ ಸ್ಥಳ'ದ ಕೋಷ್ಟಕ. ದಕ್ಷಿಣ ಕನ್ನಡದಲ್ಲಿ ಹುಟ್ಟಿ ಬೇರೆಡೆ ಎಣಿಕೆಯಾದವರು ಎಷ್ಟೆಂದು ಅದರಲ್ಲಿ ಕಾಣುತ್ತದೆ. ಗಣತಿ ನಡೆಯುತ್ತಿದ್ದದ್ದು ಫೆಬ್ರವರಿ ಕೊನೆ ಇಲ್ಲವೇ ಮಾರ್ಚ್ ತಿಂಗಳಲ್ಲಿ. ಅದು ನಮ್ಮವರು ಗದ್ದೆ ಕೆಲಸ ಮುಗಿಸಿ ಘಟ್ಟ ಹತ್ತಿ ಕೊಡಗು, ಚಿಕ್ಕಮಗಳೂರಿನ ಕಾಫಿ ತೋಟಗಳಲ್ಲಿರುತ್ತಿದ್ದ ಕಾಲ. ಹೀಗಾಗಿ ಊರಿನ ಲೆಕ್ಕದಲ್ಲಿ ಗಂಡಸರು ಕಡಿಮೆಯಾಗಿ, ಘಟ್ಟದ ಲೆಕ್ಕದಲ್ಲಿ ಹೆಚ್ಚಾಗಿ ಕಾಣುತ್ತಾರೆ. ಮನೆಯ ಯಜಮಾನನ ಸುದ್ದಿ ಊರಿನ ಇಗರ್ಜಿಯಲ್ಲಿ ಸಿಗದಿದ್ದರೆ ಘಟ್ಟದ ಮೇಲಿನ ಇಗರ್ಜಿಗಳ ಮರಣ ಪುಸ್ತಕ ನೋಡಿ ಎಂದು ನಾವು ಹೇಳುವುದು ಇದರಿಂದಾಗಿಯೇ.

ಒಂದು ಎಚ್ಚರಿಕೆಯ ಮಾತು. ಗಣತಿಯ ಪ್ರಾಯವನ್ನು ನಂಬಬಾರದು. ಹುಟ್ಟಿದ ದಿನ ಗೊತ್ತಿಲ್ಲದ ಜನ ನಲುವತ್ತು, ನಲುವತ್ತೈದು, ಐವತ್ತು ಎಂದು ಅಂದಾಜಿನಲ್ಲಿ ಹೇಳುತ್ತಿದ್ದರು. ಗಣತಿಯ ಅಧಿಕಾರಿಗಳೇ ವರದಿಗಳಲ್ಲಿ ಇದರ ಬಗ್ಗೆ ದೂರಿಕೊಂಡಿದ್ದಾರೆ.

ಇಗರ್ಜಿಯ ಜನಗಣತಿ

ಸರಕಾರಕ್ಕಿಂತ ಬಹಳ ಮೊದಲೇ ಪವಿತ್ರಸಭೆ ತನ್ನದೇ ಗಣತಿ ಮಾಡುತ್ತಾ ಬಂದಿದೆ. ಇದು ನಮ್ಮ ಹೆಚ್ಚಿನ ಕುಟುಂಬಗಳಿಗೆ ಗೊತ್ತಿಲ್ಲ. ಇಗರ್ಜಿಯ ಕೆಲಸ ಮಾಡುವವರಿಗೂ ಕೆಲವೊಮ್ಮೆ ಗೊತ್ತಿರುವುದಿಲ್ಲ.

ದೀಕ್ಷಾಸ್ನಾನ ಮತ್ತು ಮದುವೆಯ ಪುಸ್ತಕಗಳನ್ನು ಪ್ರತಿ ಧರ್ಮಕೇಂದ್ರದಲ್ಲಿ ಇಡಬೇಕೆಂದು ತ್ರೆಂತ್ ಮಹಾಸಭೆ 1563ರಲ್ಲಿ ವಿಧಿಸಿತು. 1614ರ ರೋಮನ್ ವಿಧಿಗ್ರಂಥದಲ್ಲಿ ಇನ್ನೊಂದು ಪುಸ್ತಕದ ಮಾದರಿಯನ್ನೂ ಕೊಡಲಾಯಿತು. ಅದರ ಹೆಸರು 'ಸ್ತಾತುಸ್ ಅನಿಮಾರುಂ', ಅಂದರೆ ಆತ್ಮಗಳ ಸ್ಥಿತಿ. ಮನೆಗೊಂದು ಪುಟದಂತೆ ಅಥವಾ ಮನೆಗೊಂದು ಭಾಗದಂತೆ ಯಜಮಾನ, ಹೆಂಡತಿ, ಮಕ್ಕಳು, ಮನೆಯಲ್ಲಿರುವ ವೃದ್ಧರು, ಕೆಲಸದವರು ಎಲ್ಲರ ಹೆಸರು ಮತ್ತು ಪ್ರಾಯ ಬರೆದು, ಪರಮಪ್ರಸಾದ ಸ್ವೀಕರಿಸುವವರಿಗೆ ಒಂದು ಗುರುತು, ದೃಢೀಕರಣ ಆದವರಿಗೆ ಇನ್ನೊಂದು ಗುರುತು ಹಾಕುತ್ತಿದ್ದರು. ಪೋರ್ಚುಗೀಸರ ಕಡೆಯಲ್ಲಿ ಪಾಸ್ಕ ಕಾಲದಲ್ಲಿ ಪಾಪನಿವೇದನೆ ಮಾಡಿದವರ ಮನೆವಾರು ಪಟ್ಟಿ ಇಡುವ ಪದ್ಧತಿಯೂ ಇತ್ತು. 1917ರ ಧರ್ಮಸಭಾ ಕಾನೂನು ಸ್ತಾತುಸ್ ಅನಿಮಾರುಂ ಪುಸ್ತಕವನ್ನು ಆದಷ್ಟು ನಿಖರವಾಗಿ ಇಡಬೇಕೆಂದು ಹೇಳುತ್ತದೆ. 1983ರ ಕಾನೂನಿನ 535ನೇ ಕಲಮಿನಲ್ಲಿ ಅದರ ಹೆಸರಿಲ್ಲದಿದ್ದರೂ, ದೀಕ್ಷಾಸ್ನಾನ, ಮದುವೆ, ಮರಣದ ಪುಸ್ತಕಗಳನ್ನು ಇಡಬೇಕು, ಹಳೆಯ ಪುಸ್ತಕಗಳನ್ನು ಜೋಪಾನ ಮಾಡಬೇಕು ಎಂಬ ಅಪ್ಪಣೆ ಸ್ಪಷ್ಟವಾಗಿದೆ. ಗುರಿಕಾರರು ವಾಡೊವಾಡೊಗಳಿಗೆ ಹೋಗಿ ವಿವರ ತಂದು ಕೊಟ್ಟು ವಿಗಾರರು ಬರೆಸುವ ಕುಟುಂಬ ಪುಸ್ತಕ ಇದರದೇ ಮುಂದುವರಿಕೆ.

ಸರಕಾರ ನಾಶ ಮಾಡಿದ ಪಟ್ಟಿಗೆ ಸಮಾನವಾದ ಪಟ್ಟಿ ನಮ್ಮ ಇಗರ್ಜಿಯ ಕಪಾಟಿನಲ್ಲಿರಬಹುದು. ಎಲ್ಲ ಕಡೆ ಇಲ್ಲ, ಎಲ್ಲ ವರ್ಷದ್ದೂ ಇಲ್ಲ. ಇರುವ ಕಡೆ ಅದನ್ನು 'ಹಳೆಯ ರಿಜಿಸ್ಟ್ರಿ' ಎಂದು ಕಪಾಟಿನ ಅಡಿಯಲ್ಲಿ ಹಾಕಿ, ಮೇಲೆ ಗಾಯನ ಪುಸ್ತಕಗಳನ್ನು ಪೇರಿಸಿಟ್ಟದ್ದನ್ನು ನಾವು ಕಂಡಿದ್ದೇವೆ.

ಮುಂಬಯಿಯ ಮಹನೀಯರ ವಿಷಯದಲ್ಲಿ ಕೈಹಿಡಿದದ್ದು ಇಂಥದ್ದೇ ಪುಸ್ತಕ. ಅವರಲ್ಲಿ ಇದ್ದದ್ದು ಅಜ್ಜನ ಹೆಸರು, ಅಜ್ಜನ ತಂದೆಯ ಹೆಸರು, ಧರ್ಮಕೇಂದ್ರದ ಹೆಸರು, ಅಷ್ಟೇ. ವಿಗಾರರ ಅನುಮತಿ ಪಡೆದು ಹುಡುಕಿದಾಗ ಮೊದಲನೇ ಮಹಾಯುದ್ಧದ ಕಾಲಕ್ಕೆ ಬರೆದ ಕುಟುಂಬ ಪಟ್ಟಿಯಲ್ಲಿ ಆ ಮನೆ ಸಿಕ್ಕಿತು. ಗಂಡ, ಹೆಂಡತಿ, ಮಗಳು, ಮಗ, ಮತ್ತೊಬ್ಬ ಮಗಳು. ಬೇರೆ ಶಾಯಿಯಲ್ಲಿ ನಂತರ ಸೇರಿಸಿದ ಒಂದು ಗಂಡು ಮಗು. ಆ ಮಗನೇ ಇವರ ಅಜ್ಜ. ತಾಯಿಯ ಹೆಸರು, ಚಿಕ್ಕ ಮಗಳ ಹೆಸರು, ಮಗುವಿನ ಹೆಸರು, ಈ ಮೂರರ ಮುಂದೆ ಒಂದೊಂದು ಶಿಲುಬೆಯ ಗುರುತು ಇತ್ತು.

ಮರಣ ಪುಸ್ತಕ ತೆಗೆದೆವು. 1918ರ ನವೆಂಬರ್ ತಿಂಗಳಲ್ಲಿ, ಒಂಬತ್ತು ದಿನಗಳ ಒಳಗೆ, ಮೂವರ ಅಂತ್ಯಸಂಸ್ಕಾರ. ಅದೇ ಪುಟದಲ್ಲಿ, ಹಿಂದಿನ ಪುಟದಲ್ಲಿ, ಮುಂದಿನ ಪುಟದಲ್ಲಿ ಬೇರೆ ಮನೆಗಳವರೂ ಅದೇ ರೀತಿ ಸಾಲಾಗಿದ್ದಾರೆ. ಬೇರೆ ತಿಂಗಳುಗಳಲ್ಲಿ ಒಂದು ಪುಟಕ್ಕೆ ಬರುವಷ್ಟು ಮರಣಗಳಿಗೆ ಆ ತಿಂಗಳು ಹಲವು ಪುಟಗಳು ಬೇಕಾಗಿದ್ದವು. ಬರೆಯುವ ಪಾದ್ರಿಯವರ ಕೈಬರಹವೇ ಕೊನೆಕೊನೆಗೆ ಕೆಟ್ಟಿದೆ. ಕಾರಣ ಬರೆದಿಲ್ಲ, ಆದರೆ ಆ ವರ್ಷದ ಇನ್‌ಫ್ಲುಯೆಂಜಾ ಜ್ವರದ ಬಗ್ಗೆ ತಿಳಿದವರಿಗೆ ವಿವರಣೆ ಬೇಕಾಗಿಲ್ಲ. ಇಲ್ಲಿ ಜನಗಣತಿಯ ವರದಿ ಉಪಯೋಗಕ್ಕೆ ಬಂತು. ಹತ್ತು ವರ್ಷಕ್ಕೊಮ್ಮೆ ಎಣಿಸುತ್ತಾ ಬಂದ ಭಾರತದ ಜನಸಂಖ್ಯೆ 20ನೇ ಶತಮಾನದಲ್ಲಿ ಇಳಿದದ್ದು ಒಂದೇ ಅವಧಿಯಲ್ಲಿ, 1911ರಿಂದ 1921ರ ನಡುವೆ. ಅದನ್ನು ತೋರಿಸಿದಾಗ ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಅಜ್ಜನಿಗೆ ಆಗ ಆರು ವರ್ಷ" ಎಂದರು.

ತಂದೆಯ ಹೆಸರಿಗೆ ಶಿಲುಬೆಯ ಗುರುತಿಲ್ಲ. ಮರಣ ಪುಸ್ತಕದಲ್ಲೂ ಇಲ್ಲ. ಘಟ್ಟಕ್ಕೆ ಹೋದವರೇ ಎಂಬುದು ನಮ್ಮ ಊಹೆ, ಅದಕ್ಕೆ ಆಧಾರ ಇನ್ನೂ ಸಿಕ್ಕಿಲ್ಲ.

ಆದರೆ ಮೊದಲ ಮಗಳು? ಅಜ್ಜನಿಗೆ ಒಬ್ಬಳು ಅಕ್ಕ ಇದ್ದಳು ಎಂಬುದೇ ಮೊಮ್ಮಗನಿಗೆ ಹೊಸ ಸುದ್ದಿ. ಆಕೆಯನ್ನು ಹುಡುಕಿಕೊಟ್ಟದ್ದು ದೀಕ್ಷಾಸ್ನಾನ ಪುಸ್ತಕದ ಅಂಚಿನಲ್ಲಿದ್ದ ಒಂದು ಸಾಲು. 1908ರ ಈಸ್ಟರ್‌ನಿಂದ ಜಾರಿಗೆ ಬಂದ 'ನೆ ತೆಮೆರೆ' ಎಂಬ ಆಜ್ಞೆಯ ಪ್ರಕಾರ, ಮದುವೆ ಎಲ್ಲಿಯೇ ನಡೆಯಲಿ, ಅದರ ವಿವರವನ್ನು ದೀಕ್ಷಾಸ್ನಾನವಾದ ಇಗರ್ಜಿಗೆ ತಿಳಿಸಿ ಅಲ್ಲಿನ ಪುಸ್ತಕದಲ್ಲಿ ಬರೆಯಿಸಬೇಕು. ಈಗಲೂ ಇದೇ ಕ್ರಮ. ಹಾಗೆ ಆ ಹುಡುಗಿಯ ಹೆಸರಿನ ಪಕ್ಕದಲ್ಲಿ ಸಣ್ಣ ಅಕ್ಷರದಲ್ಲಿ ಗಂಡನ ಹೆಸರು, 1927, ಮತ್ತು ಎರಡು ಹೊಳೆ ಆಚೆಯ ಒಂದು ಧರ್ಮಕೇಂದ್ರದ ಹೆಸರು ಇತ್ತು. ಅಲ್ಲಿನ ಕುಟುಂಬ ಪುಸ್ತಕ ನೋಡಿದರೆ ಆಕೆಯ ಮಕ್ಕಳು, ಮೊಮ್ಮಕ್ಕಳು, ಇಂದಿಗೂ ಅದೇ ವಾಡೊದಲ್ಲಿ ಇರುವ ಮನೆ.

ಓದುವುದು ಹೇಗೆ

ಹಳೆಯ ಪುಸ್ತಕಗಳು ಹೆಚ್ಚಾಗಿ ಲ್ಯಾಟಿನ್ ಭಾಷೆಯಲ್ಲಿವೆ. ಗೋವಾದ ಪಾದ್ರಿಗಳು ನಡೆಸುತ್ತಿದ್ದ ಕಾಲದವು ಪೋರ್ಚುಗೀಸಿನಲ್ಲೂ ಇರುತ್ತವೆ. ಭಾಷೆ ಬರುವುದಿಲ್ಲವೆಂದು ಹೆದರಬೇಕಾಗಿಲ್ಲ, ಅವೇ ಹತ್ತು ಹದಿನೈದು ಶಬ್ದಗಳು ಪುಟಪುಟದಲ್ಲೂ ಬರುತ್ತವೆ. 'ಬಾಪ್ತಿಜಾವಿ' ಎಂದರೆ ದೀಕ್ಷಾಸ್ನಾನ ಕೊಟ್ಟೆನು. 'ಪಾತ್ರಿನಿ' ಎಂದರೆ ದೇವಮಾತಾಪಿತರು. 'ವಿದುವಾ' ವಿಧವೆ. 'ಚಿರ್ಚಿತೆರ್' ಎಂದು ಪ್ರಾಯದ ಪಕ್ಕದಲ್ಲಿದ್ದರೆ ಸುಮಾರು ಎಂದು ಅರ್ಥ, ಪಾದ್ರಿಯವರಿಗೂ ಸರಿಯಾಗಿ ಗೊತ್ತಿರಲಿಲ್ಲ ಎಂದು ತಿಳಿಯಬೇಕು. ಪೋರ್ಚುಗೀಸಿನಲ್ಲಿ 'ನಾತುರಾಲ್ ದೆ' ಎಂದ ಮೇಲೆ ಬರುವುದು ಮೂಲ ಊರು. ವಂಶ ಹುಡುಕುವವರಿಗೆ ಬೇಕಾದದ್ದೇ ಆ ಶಬ್ದ.

ಹೆಸರುಗಳಲ್ಲಿ ಸ್ವಲ್ಪ ಸಹನೆ ಬೇಕು. ಮನೆಯಲ್ಲಿ ಬಸ್ತ್ಯಾಂವ್ ಆಗಿದ್ದವರು ಪುಸ್ತಕದಲ್ಲಿ ಸೆಬಾಸ್ತಿಯಾನುಸ್, ಇನಾಸ್ ಎಂದರೆ ಇಗ್ನಾತಿಯುಸ್, ಜುವಾಂವ್ ಎಂದರೆ ಜೊವಾನ್ನೆಸ್, ಪೆದ್ರು ಎಂದರೆ ಪೇತ್ರುಸ್. ಅದೇ ಜುವಾಂವ್ ಬೊಂಬಾಯಿಯಲ್ಲಿ ಕೆಲಸಕ್ಕೆ ಸೇರುವಾಗ ಜಾನ್ ಆಗಿರುತ್ತಾರೆ. ಒಂದೇ ವಾಡೊದಲ್ಲಿ ಒಂದೇ ಹೆಸರಿನ, ಒಂದೇ ಅಡ್ಡಹೆಸರಿನ ನಾಲ್ಕು ಮಂದಿ ಸಿಕ್ಕಿದರೆ ಆಶ್ಚರ್ಯವಿಲ್ಲ. ಆಗ ನೋಡಬೇಕಾದದ್ದು ಹೆಂಡತಿಯ ಹೆಸರು ಮತ್ತು ದೇವಮಾತಾಪಿತರ ಹೆಸರು. ನಮ್ಮಲ್ಲಿ ಮೊದಲ ಮಕ್ಕಳಿಗೆ ಅಜ್ಜ ಅಜ್ಜಿಯರನ್ನು, ಮುಂದಿನವರಿಗೆ ಚಿಕ್ಕಪ್ಪ, ಮಾವ, ಅತ್ತೆಯರನ್ನು ದೇವಮಾತಾಪಿತರಾಗಿ ನಿಲ್ಲಿಸುವ ವಾಡಿಕೆ ಇದ್ದುದರಿಂದ, ಐದು ಮಕ್ಕಳ ದೀಕ್ಷಾಸ್ನಾನದ ಸಾಲುಗಳನ್ನು ಒಟ್ಟಿಗೆ ಇಟ್ಟು ನೋಡಿದರೆ ಅರ್ಧ ವಂಶವೃಕ್ಷ ತಾನಾಗಿಯೇ ಸಿಕ್ಕಿಬಿಡುತ್ತದೆ.

ಮದುವೆ ಪುಸ್ತಕದಲ್ಲಿ ರಕ್ತಸಂಬಂಧದ ವಿನಾಯಿತಿ ಬರೆದಿದ್ದರೆ ಅದನ್ನು ಬಿಟ್ಟುಬಿಡಬೇಡಿ. ಹಳೆಯ ಲೆಕ್ಕದಲ್ಲಿ ಮೂರನೇ ಶ್ರೇಣಿ ಎಂದರೆ ಮದುಮಗನಿಗೂ ಮದುಮಗಳಿಗೂ ಮುತ್ತಜ್ಜ ಅಥವಾ ಮುತ್ತಜ್ಜಿ ಒಬ್ಬರೇ. ನಾಲ್ಕನೆಯದೆಂದರೆ ಇನ್ನೂ ಒಂದು ತಲೆಮಾರು ಹಿಂದೆ. ಬೇರೆ ಯಾವ ಕಾಗದದಲ್ಲೂ ಸಿಗದ ನಂಟು ಈ ಒಂದು ಸಾಲಿನಲ್ಲಿ ಇರುತ್ತದೆ.

ಪುಸ್ತಕ ಸಿಗದಿದ್ದರೆ ಮೊದಲು ತಾಯಿ ಇಗರ್ಜಿ ಯಾವುದೆಂದು ವಿಚಾರಿಸಿ. ಈಗಿನ ಧರ್ಮಕೇಂದ್ರ 1930ರಲ್ಲಿ ಆದದ್ದಾದರೆ 1912ರ ದೀಕ್ಷಾಸ್ನಾನ ಅಲ್ಲಿರುವುದಿಲ್ಲ. 1886ಕ್ಕಿಂತ ಹಿಂದಿನದಾದರೆ ಇನ್ನೊಂದು ತೊಡಕಿದೆ. ಆ ಕಾಲದಲ್ಲಿ ಗೋವಾದ ಪದ್ರುವಾದೊ ಮತ್ತು ರೋಮಿನ ಪ್ರೊಪಗಾಂಡ ಎಂದು ಎರಡು ಅಧಿಕಾರಗಳಿದ್ದು ನಮ್ಮ ಜನರೂ ಹಂಚಿಹೋಗಿದ್ದರು. ಒಂದೇ ಮನೆಯವರ ದಾಖಲೆ ಎರಡು ಕಡೆ ಇರಬಹುದು. ಧರ್ಮಪ್ರಾಂತ್ಯಗಳೂ ಬದಲಾಗಿವೆ. ಚಿಕ್ಕಮಗಳೂರು 1963ರಲ್ಲಿ, ಕಾರವಾರ 1976ರಲ್ಲಿ, ಉಡುಪಿ 2012ರಲ್ಲಿ ಪ್ರತ್ಯೇಕವಾದವು. ಮಂಗಳೂರಿನ ಕಚೇರಿಗೆ ಬರೆದ ಪತ್ರಕ್ಕೆ 'ಇಲ್ಲಿ ಇಲ್ಲ' ಎಂದು ಉತ್ತರ ಬಂದರೆ ಎಲ್ಲಿಯೂ ಇಲ್ಲ ಎಂದಲ್ಲ.

ಎಷ್ಟು ಹಿಂದಕ್ಕೆ ಹೋಗಬಹುದು ಎಂದು ಎಲ್ಲರೂ ಕೇಳುತ್ತಾರೆ. ಕರಾವಳಿಯಲ್ಲಿ 1784ನ್ನು ದಾಟುವುದು ಬಹಳ ಕಷ್ಟ. ಟಿಪ್ಪು ಸುಲ್ತಾನನು ನಮ್ಮವರನ್ನು ಸೆರೆಹಿಡಿದು ಶ್ರೀರಂಗಪಟ್ಟಣಕ್ಕೆ ಕೊಂಡೊಯ್ದಾಗ ಹೆಚ್ಚಿನ ಇಗರ್ಜಿಗಳು ನೆಲಸಮವಾದವು, ಅವುಗಳ ಪುಸ್ತಕಗಳೂ ಹೋದವು. ಸೆರೆಗೆ ಹೋದವರು ಎಷ್ಟು ಮಂದಿ ಎಂಬುದಕ್ಕೆ ಒಬ್ಬೊಬ್ಬರು ಒಂದೊಂದು ಸಂಖ್ಯೆ ಹೇಳುತ್ತಾರೆ. ಯಾರೂ ಎಣಿಸಿದ್ದಲ್ಲ, ಎಲ್ಲವೂ ಅಂದಾಜು. ಹೆಸರಿನ ಪಟ್ಟಿ ಇಲ್ಲದೆ ಹೋದರೆ ಏನಾಗುತ್ತದೆ ಎಂಬುದಕ್ಕೆ ನಮ್ಮ ಸಮುದಾಯದಲ್ಲಿ ಬೇರೆ ಉದಾಹರಣೆ ಬೇಡ. 1799ರ ಬಳಿಕ ಮರಳಿ ಬಂದು ನೆಲೆಸಿದವರ ಕಾಲದಿಂದ ಪುಸ್ತಕಗಳು ಮತ್ತೆ ಮೊದಲಾಗುತ್ತವೆ. ಅದಕ್ಕೂ ಹಿಂದೆ ಗೋವಾದ ಇಂಥ ಊರಿನಿಂದ ಬಂದವರು ಎಂಬ ಮನೆಯ ಮಾತು ಖಚಿತವಾಗಿ ಇದ್ದರೆ ಮಾತ್ರ ಗೋವಾದ ದಾಖಲೆಗಳಲ್ಲಿ ಹುಡುಕಲು ಹೊರಡಬಹುದು. ಬರೀ ಅಡ್ಡಹೆಸರು ಹಿಡಿದು ಹೊರಟರೆ ಕೈಗೆ ಏನೂ ಹತ್ತುವುದಿಲ್ಲ. ಡಿಸೋಜ, ಪಿಂಟೊ, ಲೋಬೊ ಎಂಬ ಹೆಸರಿನವರು ಗೋವಾದ ಊರೂರಿನಲ್ಲೂ ಇದ್ದಾರೆ.

ಇಗರ್ಜಿಯ ಪುಸ್ತಕದ ಜೊತೆಗೆ ಜಮೀನಿನ ಕಾಗದಗಳನ್ನೂ ಮರೆಯಬಾರದು. 1974ರ ಭೂಸುಧಾರಣೆಯ ಬಳಿಕ ಗೇಣಿ ಒಕ್ಕಲಿನವರು ಕೊಟ್ಟ ಡಿಕ್ಲರೇಶನ್, ಅಂದರೆ 7ನೇ ನಮೂನೆಯ ಅರ್ಜಿ, ಅದರ ಮೇಲೆ ನಡೆದ ವಿಚಾರಣೆಯ ಕಡತ, ಇವುಗಳಲ್ಲಿ ಅಜ್ಜನ ಕಾಲದಿಂದ ಯಾರು ಯಾರು ಆ ಗದ್ದೆ ಬೇಸಾಯ ಮಾಡಿದರು ಎಂಬ ಹೇಳಿಕೆಗಳಿರುತ್ತವೆ. ಎಷ್ಟೋ ಮನೆಗಳಲ್ಲಿ ಅದರ ನಕಲು ಹಳೆಯ ಪೆಟ್ಟಿಗೆಯಲ್ಲಿಯೇ ಇದೆ.

ಇಗರ್ಜಿಯ ಕಚೇರಿಯಲ್ಲಿ ಕೆಲಸ ಮಾಡುವವರಿಗೆ

ಪುಸ್ತಕಗಳು ಹಾಳಾಗುತ್ತಿವೆ. ಕರಾವಳಿಯ ಮಳೆಗಾಲದ ಥಂಡಿ, ಗೆದ್ದಲು, ಕಾಗದವನ್ನೇ ತಿನ್ನುವ ಹಳೆಯ ಶಾಯಿ ಇವು ಮೂರೂ ಸೇರಿದರೆ ನೂರು ವರ್ಷದ ಪುಟ ಮುಟ್ಟಿದರೆ ಪುಡಿಯಾಗುತ್ತದೆ. ಒಳ್ಳೆಯ ಮನಸ್ಸಿನಿಂದಲೇ ಮಾಡಿದ ರಿಪೇರಿಯಿಂದ ಇನ್ನೂ ಹೆಚ್ಚು ಹಾಳಾದದ್ದನ್ನು ನೋಡಿದ್ದೇವೆ. ಹರಿದ ಪುಟಕ್ಕೆ ಸೆಲ್ಲೋಟೇಪ್ ಅಂಟಿಸಬೇಡಿ, ಲ್ಯಾಮಿನೇಶನ್ ಮಾಡಿಸಬೇಡಿ. ಗೋಡೆಗೆ ತಾಗದಂತೆ, ನೆಲದಿಂದ ಎತ್ತರದಲ್ಲಿ ಇಡಿ. ಡಿಸೆಂಬರ್‌ನಿಂದ ಫೆಬ್ರವರಿವರೆಗಿನ ಒಣ ಹವೆಯಲ್ಲಿ, ನೇರ ಬಿಸಿಲು ಬೀಳದ ಕಡೆ, ಪುಟಪುಟವಾಗಿ ಫೋಟೊ ತೆಗೆಸಿ ಒಂದು ಪ್ರತಿಯನ್ನು ಬೇರೆ ಕಡೆ ಇಡಬಹುದು. ಅದಕ್ಕೆ ಮೊದಲು ಧರ್ಮಾಧ್ಯಕ್ಷರ ಕಚೇರಿಯ ಒಪ್ಪಿಗೆ ಪಡೆಯಬೇಕು.

ಪುಸ್ತಕವನ್ನು ಬಂದವರ ಕೈಗೆ ಕೊಟ್ಟು ಹೊರಗೆ ಹೋಗುವುದೂ ಸರಿಯಲ್ಲ. ತಂದೆಯ ಹೆಸರಿಲ್ಲದ ಮಕ್ಕಳು, ದತ್ತು, ಮುರಿದ ಮದುವೆ ಇತ್ಯಾದಿಗಳ ಬರಹ ಅವುಗಳಲ್ಲಿದೆ. ಆ ಮನೆಯವರು ಇನ್ನೂ ಬದುಕಿದ್ದಾರೆ, ಪಕ್ಕದ ಬೆಂಚಿನಲ್ಲಿಯೇ ಕೂರುತ್ತಾರೆ. ಕೇಳಿದವರ ಮನೆಯ ಸಾಲನ್ನು ಮಾತ್ರ ನಕಲು ಮಾಡಿಕೊಟ್ಟರೆ ಸಾಕು.

ಹುಡುಕಲು ಬರುವವರೂ ಕಚೇರಿಯ ಕಷ್ಟ ಅರಿಯಬೇಕು. ಆದಿತ್ಯವಾರ ಪೂಜೆ ಮುಗಿದ ಕೂಡಲೇ ಬಂದು "ನಮ್ಮ ಅಜ್ಜನ ದಾಖಲೆ ಬೇಕಿತ್ತು ಫಾದರ್" ಎಂದರೆ ಯಾವ ವಿಗಾರರಿಗೂ ಸಾಧ್ಯವಾಗದು. ಮೊದಲೇ ಪತ್ರ ಬರೆಯಿರಿ. ಹೆಸರು, ತಂದೆ ತಾಯಿಯ ಹೆಸರು, ಅಂದಾಜು ವರ್ಷ, ವಾಡೊ, ಮನೆಯ ಹೆಸರು ತಿಳಿಸಿ. ಅದಕ್ಕೂ ಮುಂಚೆ ಮನೆಯ ಹಿರಿಯರಲ್ಲಿ ಕುಳಿತು ಕೇಳಿ ಬರೆದುಕೊಳ್ಳಿ. ಪುಸ್ತಕ ಇನ್ನೂ ಕೆಲವು ವರ್ಷ ಉಳಿದೀತು, ತೊಂಬತ್ತರ ಅಜ್ಜಿ ಮುಂದಿನ ಮಳೆಗಾಲಕ್ಕೆ ಇರುತ್ತಾರೆಯೇ ಎಂದು ಹೇಳಲಾಗದು.

ಮುಂಬಯಿಯ ಮಹನೀಯರು ಹೊರಡುವ ಮುನ್ನ ಎರಡು ಹೊಳೆ ಆಚೆಯ ಆ ಮನೆಗೆ ಹೋಗಿ ಬಂದರು. ಅಜ್ಜನ ಅಕ್ಕ 1980ರ ದಶಕದವರೆಗೂ ಬದುಕಿದ್ದರಂತೆ. ತಮ್ಮ ಬೊಂಬಾಯಿಗೆ ಹೋಗಿ ಸತ್ತುಹೋದ ಎಂದೇ ತಿಳಿದಿದ್ದರಂತೆ. ಮರುದಿನ ಅವರು ವಿಗಾರರ ಬಳಿಗೆ ಬಂದು, ನವೆಂಬರ್ 2ರ ಮೃತರ ಪೂಜೆಯಲ್ಲಿ ನೆನೆಯುವ ಪಟ್ಟಿಗೆ ತಾಯಿಯದೂ ಇಬ್ಬರು ಮಕ್ಕಳದೂ ಹೆಸರು ಬರೆಸಿದರು. ಅಡ್ಡಹೆಸರನ್ನು ಈಗ ನೀವು ಬರೆಯುವ ಹಾಗೆ ಬರೆಯಬೇಕೇ ಎಂದು ವಿಗಾರರು ಕೇಳಿದಾಗ, ಬೇಡ, ಪುಸ್ತಕದಲ್ಲಿ ಇದ್ದ ಹಾಗೆಯೇ ಇರಲಿ ಎಂದರು.